ಬಾದಾಮಿಯಲ್ಲಿ ಊಟ: ಬುಟ್ಟಿ ರೊಟ್ಟಿಯಿಂದ ಹಿನ್ನೀರಿನ ಮೀನಿನವರೆಗೆ

ಬಾದಾಮಿಯ ಎರಡನೇ ಗುಹೆಯಲ್ಲಿ ತಲೆಯೆತ್ತಿ ಛಾವಣಿ ನೋಡಿದರೆ ಒಂದು ಚಕ್ರ ಕಾಣುತ್ತದೆ. ಅದಕ್ಕೆ ಅರಗಳ ಬದಲು 16 ಮೀನುಗಳು. ಕಡಲು ಇಲ್ಲಿಂದ ಬಹಳ ದೂರ ಇದೆ. ಆದರೆ ಈ ಊರನ್ನು ಆಳಿದವರಿಗೆ ಕಡಲು ಅಪರಿಚಿತವಾಗಿರಲಿಲ್ಲ. ಇಮ್ಮಡಿ ಪುಲಕೇಶಿ ನೂರಾರು ಹಡಗುಗಳೊಡನೆ ಪಡುವಣ ಸಮುದ್ರದ ಪುರಿ ನಗರವನ್ನು ಮುತ್ತಿದ ಸಂಗತಿಯನ್ನು ಐಹೊಳೆಯ ಮೇಗುತಿ ಗುಡಿಯಲ್ಲಿ ಕವಿ ರವಿಕೀರ್ತಿ 634ರ ಹೊತ್ತಿಗೆ ಕಲ್ಲಿನ ಮೇಲೆ ಬರೆಸಿದ್ದಾನೆ.

ಗುಹೆಯ ಮೆಟ್ಟಿಲು ಇಳಿದು ಬಂದವರ ಹಸಿವು ಮಾತ್ರ ಇವತ್ತಿನದು. ಬೆಂಗಳೂರು, ಮೈಸೂರು, ಮಂಗಳೂರು ಕಡೆಯಿಂದ ಬಂದವರು ಆಟೋದವರನ್ನು ಕೇಳುವ ಮೊದಲ ಪ್ರಶ್ನೆ, ಇಲ್ಲಿ ಒಳ್ಳೆಯ ಊಟ ಎಲ್ಲಿ ಸಿಗುತ್ತದೆ ಎನ್ನುವುದು. ಕರಾವಳಿಯವರಾದರೆ ಅದರ ಹಿಂದೆಯೇ ಇನ್ನೊಂದು: ಮೀನು ಸಿಗುತ್ತದೆಯೇ? ಎರಡಕ್ಕೂ ಉತ್ತರ ಇದೆ. ಬಸ್ ನಿಲ್ದಾಣದ ಮುಂದಿನ ದೊಡ್ಡ ರಸ್ತೆಯ ಹೋಟೆಲುಗಳಲ್ಲಿ ಗೋಬಿ ಮಂಚೂರಿಯೂ ಪನೀರ್ ಮಸಾಲೆಯೂ ಸಿಗುತ್ತವೆ. ಅವು ನಿಮ್ಮೂರಿನಲ್ಲೂ ಸಿಗುತ್ತವೆ. ಬಾದಾಮಿಯಲ್ಲಿ ಹೊಟ್ಟೆ ತುಂಬಬೇಕು, ಮನಸ್ಸೂ ತುಂಬಬೇಕು ಎಂದರೆ ಈ ಸೀಮೆಯ ನೆಲ ಬೆಳೆದದ್ದನ್ನು, ಈ ಸೀಮೆಯ ಹೊಳೆ ಕೊಟ್ಟದ್ದನ್ನು ಕೇಳಿ ಉಣ್ಣಬೇಕು. ಅದನ್ನು ಎಲ್ಲಿ, ಯಾವಾಗ, ಹೇಗೆ ಎಂದು ತಿಳಿಸುವುದಕ್ಕೇ ಈ ಬರಹ.

ಮೊದಲು ಬನಶಂಕರಿಗೆ ಹೋಗಿ. ಬಾದಾಮಿಯಿಂದ ಸುಮಾರು 5 ಕಿ.ಮೀ. ದೂರದ ಚೊಳಚಗುಡ್ಡದಲ್ಲಿದೆ ಗುಡಿ. ಎದುರಿಗೆ ಹರಿದ್ರಾತೀರ್ಥ ಎಂಬ ದೊಡ್ಡ ಹೊಂಡ, ಅದರ ಸುತ್ತ ಕಲ್ಲಿನ ಕಂಬಸಾಲು. ದರ್ಶನ ಮುಗಿಸಿ ಹೊರಗೆ ಬಂದರೆ ಇಳಕಲ್ ಸೀರೆಯುಟ್ಟು ತಲೆಯ ಮೇಲೆ ಬುಟ್ಟಿ ಹೊತ್ತ ಹೆಣ್ಣುಮಕ್ಕಳು ಕಾಣುತ್ತಾರೆ. ಸುತ್ತಲಿನ ಊರುಗಳಿಂದ ನಸುಕಿನಲ್ಲೇ ಎದ್ದು ರೊಟ್ಟಿ ಬಡಿದು, ಪಲ್ಯ ಕುದಿಸಿ, ಬುಟ್ಟಿಗೆ ತುಂಬಿಕೊಂಡು ಬಂದವರು. "ಊಟ ಮಾಡ್ರಿ ಯಪ್ಪಾ, ಬಿಸಿ ರೊಟ್ಟಿ ಅದಾವು" ಎಂದು ಕರೆಯುತ್ತಾರೆ. ನೆರಳು ನೋಡಿ ಕುಳಿತುಕೊಳ್ಳಿ. ಮೇಜು ಕುರ್ಚಿ ಕೇಳಬೇಡಿ. ನೆಲವೇ ಪಂಕ್ತಿ.

ಬುಟ್ಟಿಯ ಮೇಲಿನ ಅರಿವೆ ಸರಿಸಿದರೆ ಕೆಳಗೆ ರೊಟ್ಟಿಯ ಅಡುಕು, ಸಣ್ಣ ಸಣ್ಣ ಡಬ್ಬಿ, ಮೊಸರಿನ ಪಾತ್ರೆ. ಅಂಗೈ ಅಗಲದ ಗುಂಡು ಬದನೆಯನ್ನು ನಾಲ್ಕು ಸೀಳಿ, ಶೇಂಗಾ, ಎಳ್ಳು, ಒಣಕೊಬ್ಬರಿ ಮಸಾಲೆ ತುಂಬಿದ ಎಣ್ಣೆಗಾಯಿ. ಮೊಳಕೆ ಬಂದ ಮಡಿಕಿಕಾಳು ಇಲ್ಲವೇ ಹೆಸರುಕಾಳಿನ ಪಲ್ಯ. ಒಂದು ಮೂಲೆಯಲ್ಲಿ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಮತ್ತೊಂದು ಮೂಲೆಯಲ್ಲಿ ಕೆಂಪುಖಾರ. ಹಸಿ ಉಳ್ಳಾಗಡ್ಡಿ, ಸೌತಿಕಾಯಿ, ದೊರೆತ ದಿನ ಮೆಂತ್ಯದ ತಪ್ಪಲು ಅಥವಾ ಹಕ್ಕರಕಿ. ಹಿಂಡಿಯ ನಡುವೆ ಬೆರಳಿನಿಂದ ಸಣ್ಣ ಗುಳಿ ಮಾಡಿ ಅದಕ್ಕೆ ಹಸಿ ಎಣ್ಣೆ ಅಥವಾ ಮೊಸರು ಹಾಕಿಸಿಕೊಳ್ಳಿ. ಒಣ ಹಿಂಡಿ ಗಂಟಲಿಗೆ ಹತ್ತುತ್ತದೆ. ಕೆಂಪುಖಾರವನ್ನು ಮಾತ್ರ ಮೊದಲ ಸಲ ಉಣ್ಣುವವರು ಉಗುರಿನ ತುದಿಯಷ್ಟು ಹಚ್ಚಿಕೊಂಡು ನೋಡಬೇಕು. ಖಾರ ಹತ್ತಿದರೆ ನೀರು ಕುಡಿಯುವುದಕ್ಕಿಂತ ಒಂದು ಚಮಚ ಮೊಸರು ಬಾಯಿಗೆ ಹಾಕಿಕೊಳ್ಳುವುದು ಮೇಲು.

ಹೋಗಬೇಕಾದ ಹೊತ್ತು ಹನ್ನೊಂದರಿಂದ ಒಂದೂವರೆಯ ಒಳಗೆ. ಬುಟ್ಟಿ ಖಾಲಿಯಾಯಿತೆಂದರೆ ಅವರು ಮನೆಗೆ ಹೊರಟರು. ಎಷ್ಟು ರೊಟ್ಟಿಗೆ ಎಷ್ಟು ಎಂದು ಕೂರುವ ಮೊದಲೇ ಕೇಳಿಕೊಳ್ಳಿ, ಚಿಲ್ಲರೆ ಇಟ್ಟುಕೊಳ್ಳಿ. ಅವರು ಹೇಳಿದ ದರಕ್ಕೆ ಚೌಕಾಶಿ ಮಾಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಈ ಊಟದ ಹಿಂದಿನ ದುಡಿಮೆ ಕಣ್ಣಿಗೆ ಬೀಳುವುದಿಲ್ಲ, ಆದ್ದರಿಂದಲೇ ಅದನ್ನು ಸ್ವಲ್ಪ ಹೇಳಬೇಕು.

ಜೋಳದ ಹಿಟ್ಟಿಗೆ ಗೋಧಿಹಿಟ್ಟಿನ ಅಂಟು ಇಲ್ಲ. ಲಟ್ಟಣಿಗೆಯಿಂದ ಎಳೆದರೆ ಹರಿಯುತ್ತದೆ. ಅದಕ್ಕೇ ಕುದಿಯುವ ಎಸರನ್ನು ಹಿಟ್ಟಿಗೆ ಹೊಯ್ದು, ಕೈ ಸುಡುವ ಬಿಸಿಯಲ್ಲೇ ನಾದಬೇಕು. ಎಲ್ಲ ರೊಟ್ಟಿಯ ಹಿಟ್ಟನ್ನು ಒಮ್ಮೆಗೇ ನಾದಿಡುವಂತಿಲ್ಲ. ಒಂದೊಂದು ರೊಟ್ಟಿಗೂ ಬೇರೆ ಬೇರೆಯಾಗಿ ಅಂಗೈಯಿಂದ ತಿಕ್ಕಿ, ಮುದ್ದೆ ಕಟ್ಟಿ, ಒಣಹಿಟ್ಟಿನ ಮೇಲಿಟ್ಟು ಬಡಿಯಬೇಕು. ಬಡಿಯುವಾಗ ರೊಟ್ಟಿ ತಾನೇ ತಿರುಗುತ್ತಾ ಅಗಲವಾಗುತ್ತದೆ, ಅಂಚು ಸೀಳಬಾರದು. ಹಂಚಿನ ಮೇಲೆ ಹಾಕಿದ ಕೂಡಲೇ ಮೇಲ್ಭಾಗಕ್ಕೆ ಒದ್ದೆ ಅರಿವೆಯಿಂದ ನೀರು ಸವರಬೇಕು. ಆ ನೀರು ಆರುವ ಮೊದಲೇ ಹೊರಳಿಸಿ ಹಾಕಿ, ಆಮೇಲೆ ಕೆಂಡಕ್ಕೋ ಉರಿಗೋ ಒಡ್ಡಿದರೆ ಉಬ್ಬುತ್ತದೆ. ಹಿಟ್ಟು ಹಳೆಯದಾಗಿದ್ದರೆ ಎಂಥ ಕೈಗೂ ಬಗ್ಗುವುದಿಲ್ಲ, "ಹಿಟ್ಟಿಗೆ ಜಿಗಿ ಇಲ್ಲ" ಎಂದು ಹೆಂಗಸರು ಬೇಸರ ಮಾಡಿಕೊಳ್ಳುತ್ತಾರೆ. ಎರಿ ನೆಲದಲ್ಲಿ ಹಿಂಗಾರಿಗೆ ಬಿತ್ತಿದ ಬಿಳಿಜೋಳ ಫೆಬ್ರುವರಿ, ಮಾರ್ಚ್ ಸುಮಾರಿಗೆ ಕೊಯ್ಲಿಗೆ ಬರುತ್ತದೆ. ಅದಾದ ಮೇಲಿನ ಕೆಲವು ತಿಂಗಳು ಹೊಸಜೋಳದ ರೊಟ್ಟಿಯ ಕಾಲ. ಬಾಯಲ್ಲಿಟ್ಟರೆ ಒಂದು ನಸುಸಿಹಿ ತಿಳಿಯುತ್ತದೆ. ಚಳಿಗಾಲಕ್ಕೆ ಹೋದವರು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯನ್ನು ಕೇಳಿ. ಸಂಕ್ರಾಂತಿಯ ಆಚೀಚೆ ಅದರ ರುಚಿಯೇ ರುಚಿ.

ಬನಶಂಕರಿ ಶಾಕಾಂಭರಿಯೂ ಹೌದು. ಬರ ಬಿದ್ದಾಗ ಕಾಯಿಪಲ್ಲೆ ಕೊಟ್ಟು ಜನರನ್ನು ಉಳಿಸಿದ ತಾಯಿ ಎಂಬ ನಂಬಿಕೆ. ಮಳೆ ಕಡಿಮೆಯ ಈ ಸೀಮೆಯಲ್ಲಿ ಆ ನಂಬಿಕೆಯ ತೂಕ ಬೇರೆ. ಬನದ ಹುಣ್ಣಿಮೆಯ ಜಾತ್ರೆಯಲ್ಲಿ ರಥೋತ್ಸವಕ್ಕೆ ಮುನ್ನ ಪಲ್ಲೇದ ಹಬ್ಬ ಇರುತ್ತದೆ, ದೇವಿಗೆ 108 ಬಗೆಯ ಪಲ್ಯದ ನೈವೇದ್ಯ. ಪುಷ್ಯ ಮಾಸದ ಈ ಜಾತ್ರೆ ಸಾಮಾನ್ಯವಾಗಿ ಜನವರಿಯಲ್ಲಿ ಬೀಳುತ್ತದೆ. ಉಣ್ಣುವ ಆಸೆಯಿಂದಲೇ ಬಾದಾಮಿಗೆ ಹೊರಡುವವರಿಗೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ನಾಟಕ ಕಂಪನಿಗಳ ತಂಬು, ಮಿರ್ಚಿ ಭಜಿಯ ಬಾಣಲೆ, ಚುರುಮುರಿ ರಾಶಿ, ಗಿರಮಿಟ್ಟು, ಬೆಂಡು ಬತ್ತಾಸು, ರಾತ್ರಿಯಿಡೀ ಜನ. ಆದರೆ ಆ ದಿನಗಳಲ್ಲಿ ಬಾದಾಮಿಯಲ್ಲಿ ಕೋಣೆ ಸಿಗುವುದು ಕಷ್ಟ. ಬಾಗಲಕೋಟೆಯಲ್ಲಿ ಉಳಿದು 35 ಕಿ.ಮೀ. ಓಡಾಡುವುದು ಲೇಸು.

ಮಧ್ಯಾಹ್ನ ಬನಶಂಕರಿಯಲ್ಲಾದರೆ ರಾತ್ರಿಗೆ ಖಾನಾವಳಿ. ಊರಿನಲ್ಲಿ ಹೆಸರಿನ ಹಲಗೆ ನೋಡುವುದಕ್ಕಿಂತ ಒಳಗಿನ ಸದ್ದು ಕೇಳಿ. ರೊಟ್ಟಿ ಬಡಿಯುವ ಟಪಟಪ ಹಿತ್ತಲಿಂದ ಕೇಳುತ್ತಿದ್ದರೆ ಅಲ್ಲಿ ಕುಳಿತುಕೊಳ್ಳಬಹುದು. ಲಾರಿ ಚಾಲಕರು, ಕಚೇರಿಯ ನೌಕರರು, ಸಂತೆಗೆ ಬಂದ ರೈತರು ಉಣ್ಣುವ ಜಾಗದಲ್ಲಿ ಅಡುಗೆ ಉಳಿದು ಹಳಸುವ ಪ್ರಶ್ನೆ ಬರುವುದಿಲ್ಲ. "ರೊಟ್ಟಿ ಊಟ" ಎಂದು ಹೇಳಿ. ಬರೀ "ಊಟ" ಎಂದರೆ ಕೆಲವೆಡೆ ಚಪಾತಿ ತಂದಿಡುತ್ತಾರೆ. ಬಿಸಿರೊಟ್ಟಿಯೋ ಖಡಕ್ ರೊಟ್ಟಿಯೋ ಎಂದು ಕೇಳುತ್ತಾರೆ, ಬಿಸಿಯದನ್ನೇ ಹೇಳಿ, ಹತ್ತು ನಿಮಿಷ ಕಾಯಿರಿ. ಎರಡು ರೊಟ್ಟಿ ಉಂಡಾದ ಮೇಲೆ ಅನ್ನ, ಸಾರು, ಮಜ್ಜಿಗೆ. ನಾಲ್ಕೈದು ಜನರಿದ್ದರೆ ಒಂದು ತಾಸು ಮೊದಲೇ ಹೇಳಿ ಹೋದರೆ ಝುಣಕದ ವಡಿ, ಪುಂಡಿಪಲ್ಯ, ಕಟ್ಟಿನ ಸಾರು ಇಂಥವನ್ನೂ ಮಾಡಿಕೊಡುವವರಿದ್ದಾರೆ. ಒಲೆಯ ಬಳಿ ಇರುವವರು ಸುಮುಖವಾಗಿದ್ದರೆ, "ಅಕ್ಕಾ, ಒಂದು ಮುಟಗಿ ಮಾಡಿಕೊಡ್ರಿ" ಎಂದು ಕೇಳಿ ನೋಡಿ. ಹಂಚಿನಿಂದ ಇಳಿದ ಬಿಸಿರೊಟ್ಟಿಯನ್ನು ಬಳ್ಳೊಳ್ಳಿ, ಉಪ್ಪು, ಖಾರದ ಜೊತೆ ಕುಟ್ಟಿ, ತುಪ್ಪವನ್ನೋ ಎಣ್ಣೆಯನ್ನೋ ಬಿಟ್ಟು ಮುಷ್ಟಿಯಲ್ಲಿ ಹಿಚುಕಿ ಉಂಡಿ ಕಟ್ಟಿಕೊಡುತ್ತಾರೆ. ಯಾವ ಹೋಟೆಲಿನ ಪಟ್ಟಿಯಲ್ಲೂ ಇದು ಇರುವುದಿಲ್ಲ. ಖಾರ ಕಡಿಮೆ ಮಾಡಿಸಿದರೆ ಮಕ್ಕಳೂ ತಿನ್ನುತ್ತಾರೆ.

ಮಾಂಸದೂಟ ಬೇಕಾದವರಿಗೆ ಸಾವಜಿ ಖಾನಾವಳಿಗಳಿವೆ. ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ ಸಮಾಜದವರ ಅಡುಗೆ ಅದು. ಹುಬ್ಬಳ್ಳಿ, ಗದಗ, ಬಾಗಲಕೋಟೆ ಎಲ್ಲೆಡೆ ಹೆಸರಾದದ್ದು. ಮಟನ್ ಸಾರು, ಖೀಮಾ ಉಂಡಿ, ಜೊತೆಗೆ ರೊಟ್ಟಿ. ಮಸಾಲೆ ಕಟುವಾಗಿರುತ್ತದೆ, ಮೇಲೆ ಕೆಂಪೆಣ್ಣೆ ತೇಲುತ್ತದೆ. ತಡರಾತ್ರಿ ಉಂಡು ಮರುದಿನ ಬಿಸಿಲಲ್ಲಿ ಗುಡ್ಡ ಹತ್ತುವ ಯೋಚನೆ ಇದ್ದರೆ ಕೈ ಹಿಡಿದು ಉಣ್ಣಿ.

ಈಗ ಮೀನಿನ ಮಾತು. ಬಾದಾಮಿ, ಬಾಗಲಕೋಟೆಯ ಹೋಟೆಲ್ ಪಟ್ಟಿಯಲ್ಲಿ ಬಂಗಡೆ, ಸುರಮಾಯಿ, ಪಾಂಪ್ಲೆಟ್ ಎಂದಿದ್ದರೆ ಅದು ಕಾರವಾರವೋ ಗೋವೆಯೋ, ಯಾವುದೋ ಬಂದರಿನಿಂದ ಮಂಜುಗಡ್ಡೆಯಲ್ಲಿ ಘಟ್ಟ ಹತ್ತಿ ಬಂದದ್ದು. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಆ ಎರಡು ತಿಂಗಳು ಇಲ್ಲಿಗೆ ತಲುಪುವ ಕಡಲ ಮೀನು ಎಷ್ಟು ದಿನದ್ದು ಎಂದು ನೀವೇ ಲೆಕ್ಕ ಹಾಕಿ. ಕಾರವಾರದಲ್ಲಿ ಕಡಲ ಮೀನು ತಿನ್ನಿ. ಇಲ್ಲಿ ಹೊಳೆಯ ಮೀನು ಕೇಳಿ.

ಹೊಳೆಗೆ ಇಲ್ಲಿ ಬರವಿಲ್ಲ. ಮಲಪ್ರಭೆ ಚೊಳಚಗುಡ್ಡ, ಪಟ್ಟದಕಲ್ಲು, ಐಹೊಳೆಗಳನ್ನು ತಾಗಿ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಘಟಪ್ರಭೆ ಅದಕ್ಕೂ ಮೇಲೆ ಚಿಕ್ಕಸಂಗಮದಲ್ಲಿ ಸೇರುತ್ತದೆ. ಆಲಮಟ್ಟಿ ಅಣೆಕಟ್ಟಿನಲ್ಲಿ 519.60 ಮೀಟರ್ ಮಟ್ಟದವರೆಗೆ ನೀರು ನಿಲ್ಲಿಸುವುದರಿಂದ ಘಟಪ್ರಭೆಯ ಹಿನ್ನೀರು ಬಾಗಲಕೋಟೆಯ ಬಾಗಿಲಿಗೇ ಬರುತ್ತದೆ. ಹಳೇ ಊರಿನ ಓಣಿಗಳು, ಫಲವತ್ತಾದ ಹೊಲಗಳು ಆ ನೀರಿನ ಪಾಲಾದವು. ಊರಿನ ಬಹುಭಾಗ ನವನಗರಕ್ಕೆ ಹೋಯಿತು. ಮನೆ, ಹೊಲ ಕಳೆದುಕೊಂಡವರ ನೋವು ಇನ್ನೂ ಹಸಿಯಾಗಿದೆ. ಅದೇ ನೀರಿನಲ್ಲಿ ಇವತ್ತು ಬಲೆ ಬೀಸಿ ಸಂಸಾರ ನಡೆಸುವ ಮನೆಗಳೂ ಇವೆ. ತಟ್ಟೆಗೆ ಬರುವ ಮೀನಿಗೆ ಈ ಎರಡೂ ಕಥೆ ಅಂಟಿಕೊಂಡಿದೆ, ತಿನ್ನುವವರು ತಿಳಿದಿರಬೇಕು.

ಹೆಚ್ಚಾಗಿ ಸಿಗುವುದು ರೋಹು, ಕಾಟ್ಲಾ. ಜಿಲೇಬಿ ಮೀನೂ ಬರುತ್ತದೆ. ಅದೃಷ್ಟ ಇದ್ದರೆ ಬಾಳೆಮೀನು, ಕೊರವ. ರೋಹು, ಕಾಟ್ಲಾ ರುಚಿಯಾದರೂ ಮಾಂಸದೊಳಗೆ ಕವಲೊಡೆದ ಸಣ್ಣ ಮುಳ್ಳುಗಳಿರುತ್ತವೆ. ಕಡಲ ಮೀನಿಗೆ ಒಗ್ಗಿದ ನಾಲಿಗೆ ಇಲ್ಲಿ ಅವಸರ ಮಾಡಬಾರದು. ದೊಡ್ಡ ಮೀನಿನ ಹೊಟ್ಟೆಯ ಭಾಗದ ತುಂಡು ಕೇಳಿ. ಅಲ್ಲಿ ದೊಡ್ಡ ಮುಳ್ಳುಗಳೇ ಇರುವುದರಿಂದ ಬಿಡಿಸುವುದು ಸುಲಭ, ಕೊಬ್ಬೂ ಇರುತ್ತದೆ. ಬಾಲದ ಕಡೆಯದು ಬೇಡ. ಮಕ್ಕಳಿದ್ದರೆ ಬಾಳೆಮೀನು ಅಥವಾ ಕೊರವ ಸಿಕ್ಕಾಗ ಮಾತ್ರ ತರಿಸಿ, ಅವುಗಳಲ್ಲಿ ಸಣ್ಣಮುಳ್ಳಿನ ಕಾಟ ಇಲ್ಲ. ಹಸಿಮೀನನ್ನು ತೋರಿಸಿ ಎಂದು ಕೇಳಲು ನಾಚಬೇಡಿ. ಕಿವಿರು ಕೆಂಪಗಿರಬೇಕು, ಕಣ್ಣು ಉಬ್ಬಿ ತಿಳಿಯಾಗಿರಬೇಕು, ಬೆರಳಿನಿಂದ ಒತ್ತಿದ ಕಡೆ ಗುಳಿ ನಿಲ್ಲಬಾರದು. ತೋರಿಸಲು ಒಪ್ಪದ ಕಡೆ ರೊಟ್ಟಿ, ಕಾಳುಪಲ್ಯ ಉಂಡು ಎದ್ದು ಬನ್ನಿ.

ಇಲ್ಲಿನ ಮೀನಿನ ಸಾರು ಕರಾವಳಿಯದರಂತಲ್ಲ. ಹಸಿ ತೆಂಗಿನಕಾಯಿ ಇಲ್ಲ, ಒಣಕೊಬ್ಬರಿ. ಉಳ್ಳಾಗಡ್ಡಿ, ಕೊಬ್ಬರಿಗಳನ್ನು ಸುಟ್ಟು ಅರೆದು, ಬಳ್ಳೊಳ್ಳಿ ಧಾರಾಳ ಹಾಕಿ, ಹುಣಸಿಹಣ್ಣಿನ ಹುಳಿ ಬಿಟ್ಟು ಕುದಿಸುತ್ತಾರೆ. ಸಿಹಿನೀರಿನ ಮೀನಿಗಿರುವ ಮಣ್ಣಿನ ವಾಸನೆಯನ್ನು ಆ ಹುಳಿಯೂ ಬಳ್ಳೊಳ್ಳಿಯೂ ಮರೆಸುತ್ತವೆ. ಅನ್ನಕ್ಕಿಂತ ರೊಟ್ಟಿಗೆ ಇದು ಹೊಂದುತ್ತದೆ: ರೊಟ್ಟಿಯನ್ನು ಮುರಿದು ಸಾರಿನಲ್ಲಿ ನೆನೆಸಿ, ಮೆತ್ತಗಾದ ಮೇಲೆ ಮೀನಿನ ಜೊತೆ ತಿನ್ನಿ. ಹುರಿದದ್ದು ಬೇಕಾದರೆ ಖಾರ, ಉಪ್ಪು, ಅರಿಷಿಣ, ಲಿಂಬಿಹುಳಿ ಹಚ್ಚಿ ಎದುರಿಗೇ ಕರಿಸಿಕೊಳ್ಳಿ. ಮೊದಲೇ ಕರಿದಿಟ್ಟ ತುಂಡನ್ನು ಮತ್ತೆ ಎಣ್ಣೆಗೆ ಅದ್ದಿ ಕೊಟ್ಟರೆ ಬೇಡ ಎನ್ನಿ. ಬಾದಾಮಿಗಿಂತ ಬಾಗಲಕೋಟೆ ಮತ್ತು ಆಲಮಟ್ಟಿ ಕಡೆ ಮೀನು ಹುಡುಕುವುದು ಜಾಣತನ, ನೀರು ಅಲ್ಲಿದೆ. ಬನಶಂಕರಿ, ಮಹಾಕೂಟ, ಪಟ್ಟದಕಲ್ಲು, ಕೂಡಲಸಂಗಮದ ಗುಡಿಗಳ ಸುತ್ತ ಮೀನು ಮಾಂಸ ಕೇಳಬೇಡಿ, ಕಟ್ಟಿಸಿಕೊಂಡು ಒಯ್ಯಲೂ ಬೇಡಿ.

ಆಲಮಟ್ಟಿವರೆಗೆ ಹೋದವರು ಮೊಸರಿನ ಆಸೆಯವರಾದರೆ ಕೊಲ್ಹಾರಕ್ಕೆ ಹೋಗಿ ಬರಬಹುದು. ಮಣ್ಣಿನ ಗಡಿಗೆಯಲ್ಲಿ ಹೆಪ್ಪು ಹಾಕಿದ ಅಲ್ಲಿನ ಗಟ್ಟಿ ಮೊಸರು ಹೆಸರುವಾಸಿ. ಗಡಿಗೆ ನೀರಿನಂಶ ಹೀರಿಕೊಳ್ಳುವುದರಿಂದ ಮೊಸರು ಬಿಗಿಯಾಗಿ ಕೂಡುತ್ತದೆ.

ಪಟ್ಟದಕಲ್ಲು, ಐಹೊಳೆಯ ದಿನಕ್ಕೆ ಬೇರೆ ಸಿದ್ಧತೆ ಬೇಕು. ಪಟ್ಟದಕಲ್ಲು ಬಾದಾಮಿಯಿಂದ ಸುಮಾರು 22 ಕಿ.ಮೀ., ಐಹೊಳೆ ಇನ್ನೂ ಮುಂದೆ. ಊಟದ ಅಂಗಡಿಗಳು ವಿರಳ, ಗುಡಿಗಳು ನೂರಾರು, ಹೊತ್ತು ಮೀರುವುದು ಗೊತ್ತೇ ಆಗುವುದಿಲ್ಲ. ಆದ್ದರಿಂದ ಬಾದಾಮಿಯ ಖಾನಾವಳಿಯಲ್ಲೇ ಹಿಂದಿನ ರಾತ್ರಿ ಹೇಳಿ ಬುತ್ತಿ ಕಟ್ಟಿಸಿಕೊಳ್ಳಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಝುಣಕದ ವಡಿ, ಉಳ್ಳಾಗಡ್ಡಿ, ಬೇರೆ ಡಬ್ಬಿಯಲ್ಲಿ ಮೊಸರು. ತೆಳುವಾದ ಪಲ್ಯ ಬೇಡ, ಬಿಸಿಲಿಗೆ ಕೆಡುತ್ತದೆ. ಪುರಾತತ್ವ ಇಲಾಖೆಯ ಆವರಣದೊಳಗೆ ಬುತ್ತಿ ಬಿಚ್ಚುವಂತಿಲ್ಲ, ಹೊರಗೆ ಮರದ ನೆರಳಿದೆ. ಬಾದಾಮಿಯ ಗುಹೆಗಳ ಬಳಿಯಂತೂ ತಿನ್ನುವ ಪದಾರ್ಥ ಕೈಯಲ್ಲಿ ಹಿಡಿಯಲೇಬೇಡಿ. ಅಲ್ಲಿನ ಮಂಗಗಳು ಚೀಲದ ಸದ್ದಿಗೇ ಬರುತ್ತವೆ, ಮಕ್ಕಳ ಕೈಯಿಂದ ಕಸಿಯುತ್ತವೆ. ನೀರಿನ ಬಾಟಲಿಯನ್ನೂ ಚೀಲದೊಳಗೇ ಇಡಿ.

ಬುತ್ತಿ ತರಲು ಆಗದವರಿಗೆ ದಾಸೋಹ ಇದೆ. ಐಹೊಳೆಯ ಹತ್ತಿರ ಗುಡ್ಡದ ಕಣಿವೆಯಲ್ಲಿ ಸಿದ್ಧನಕೊಳ್ಳ ಇದೆ. ಬಂಡೆಯಡಿಯ ಲಜ್ಜಾಗೌರಿಯನ್ನು ನೋಡಲು ಹೋದವರಿಗೆ ಅಲ್ಲಿನ ಮಠದಲ್ಲಿ ಊಟ ಹಾಕುತ್ತಾರೆ. ಕೂಡಲಸಂಗಮದಲ್ಲಿಯೂ ನಿತ್ಯ ದಾಸೋಹ ಉಂಟು. ಎರಡೂ ಕಡೆ ಹಣ ಕೇಳುವುದಿಲ್ಲ. ತಟ್ಟೆಯಲ್ಲಿ ಬಿಡದಂತೆ ಉಣ್ಣಿ, ನಿಮ್ಮ ತಟ್ಟೆ ನೀವೇ ತೊಳೆಯಿರಿ, ಕೈಲಾದಷ್ಟನ್ನು ಹುಂಡಿಗೆ ಹಾಕಿ.

ಆರೋಗ್ಯದ ಬಗ್ಗೆ ಎರಡು ಮಾತು. ಶೇಂಗಾ ಒಗ್ಗದವರು ಈ ಸೀಮೆಯಲ್ಲಿ ತುಂಬ ಎಚ್ಚರ ವಹಿಸಬೇಕು. ಹಿಂಡಿಯಲ್ಲಿ, ಎಣ್ಣೆಗಾಯಿಯಲ್ಲಿ, ಎಷ್ಟೋ ಪಲ್ಯಗಳ ಪುಡಿಯಲ್ಲಿ, ಒಗ್ಗರಣೆಯ ಎಣ್ಣೆಯಲ್ಲೂ ಅದು ಇರುತ್ತದೆ; "ಶೇಂಗಾ ನಡೆಯಂಗಿಲ್ರಿ" ಎಂದು ಮೊದಲೇ ಹೇಳಿ. ಗೋಧಿ ಒಗ್ಗದವರಿಗೆ ಜೋಳದ ರೊಟ್ಟಿ ಹಿತ, ಆದರೆ ಅದೇ ಹಂಚಿನಲ್ಲಿ ಚಪಾತಿ ಬೇಯಿಸುತ್ತಾರೆಯೇ, ಬಡಿಯಲು ಯಾವ ಹಿಟ್ಟು ಬಳಸುತ್ತಾರೆ ಎಂದು ವಿಚಾರಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಆಗ ಮಧ್ಯಾಹ್ನಕ್ಕೆ ರೊಟ್ಟಿ, ಮೊಸರು, ಮಜ್ಜಿಗೆ ಸಾಕು, ಮಾಂಸ ಮೀನು ರಾತ್ರಿಗಿರಲಿ.

ಊರಿಗೆ ಒಯ್ಯಲು ಬೇಕಾದದ್ದು ಹುನಗುಂದದ ದಾರಿಯಲ್ಲಿ ಅಮೀನಗಡದಲ್ಲಿದೆ. ಅಲ್ಲಿನ ಕರದಂಟು ಅಂದರೆ ತುಪ್ಪದಲ್ಲಿ ಕರಿದ ಅಂಟು, ಬೆಲ್ಲದ ಪಾಕ, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಬಾದಾಮಿ. ಬಾಣಂತಿಯರಿಗೆ ಕೊಡುವ ಈ ಪೌಷ್ಟಿಕ ತಿನಿಸು ಈಗ ಎಲ್ಲರ ಮನೆಗೆ ಹೋಗುತ್ತದೆ. ಕೊಳ್ಳುವಾಗ ಒಂದು ತುಂಡು ತಿಂದು ನೋಡಿ: ಅಂಟು ಬಾಯಲ್ಲಿ ಗರಿಗರಿ ಎನ್ನಬೇಕು, ಹಲ್ಲಿಗೆ ಮೆತ್ತಿಕೊಂಡರೆ ಅದು ಸರಿಯಾಗಿ ಕರಿದದ್ದಲ್ಲ, ತುಪ್ಪದ ವಾಸನೆ ಇರಬೇಕು. ಜೊತೆಗೆ ಶೇಂಗಾ ಹೋಳಿಗೆಯನ್ನೂ ಒಯ್ಯಬಹುದು, ಒಂದು ವಾರ ಕೆಡುವುದಿಲ್ಲ. ಖಡಕ್ ರೊಟ್ಟಿ ತಿಂಗಳುಗಟ್ಟಲೆ ಇರುತ್ತದೆ, ತೇವ ತಾಗಬಾರದಷ್ಟೇ. ಬಸ್ಸಿನಲ್ಲಿ ಒಯ್ಯುವವರು ಚೀಲದಲ್ಲಿ ತುರುಕದೆ ಗಟ್ಟಿ ರಟ್ಟಿನ ಡಬ್ಬಿಯಲ್ಲಿ ಅಡ್ಡ ಮಲಗಿಸಿ, ಮೇಲೆ ಅರಿವೆ ಮಡಿಚಿಟ್ಟು ಮುಚ್ಚಿ. ರೈಲಿಗೆ ಹೋಗುವವರು ಬಾದಾಮಿ ನಿಲ್ದಾಣ ಊರಿನಿಂದ 5 ಕಿ.ಮೀ. ದೂರದಲ್ಲಿದೆ ಎಂಬುದನ್ನು ನೆನಪಿಟ್ಟು, ರಾತ್ರಿ ಗಾಡಿಯಾದರೆ ಊರಲ್ಲೇ ಉಂಡು ಹೊರಡಿ.